ಸದ್ದಿಲ್ಲದ ತಲೆ

ನಮ್ಮ ಊರಿನಲ್ಲಿ ಗಂಡಸರ ತಲೆಯಿಂದ ಕೂದಲು ಉದುರಿದರೆ ಸದ್ದಾಗುತ್ತದೆ. ಕಲ್ಲು ಚಪ್ಪಡಿಯ ಮೇಲೆ ಗುಂಡುಸೂಜಿ ಬಿದ್ದ ಹಾಗೆ, ಟಣ್ ಎಂದು. ಹೆಂಗಸರ ಕೂದಲು ಹಾಗಲ್ಲ, ಎಲ್ಲ ಊರುಗಳಲ್ಲಿ ಬೀಳುವಂತೆ ಸುಮ್ಮನೆ ಬೀಳುತ್ತದೆ. ಕ್ಷೌರದ ಅಂಗಡಿಯಲ್ಲಿ ಕತ್ತರಿಸಿದ ಕೂದಲಿಗೂ ಸದ್ದಿಲ್ಲ. ಬುಡ ಬಿಟ್ಟು ತಾನಾಗಿ ಬಿದ್ದದ್ದಕ್ಕೆ ಮಾತ್ರ. ಹೊರಗಿನಿಂದ ವರ್ಗವಾಗಿ ಬಂದ ನೌಕರರು ಮೊದಲ ವಾರ ಜೇಬಿನಿಂದ ಚಿಲ್ಲರೆ ಬಿತ್ತೇನೋ ಎಂದು ಬಗ್ಗಿ ಬಗ್ಗಿ ಹುಡುಕುತ್ತಾರೆ. ಎರಡನೆಯ ವಾರಕ್ಕೆ ಅವರೂ ನಮ್ಮ ಹಾಗೆ ಮನೆಯ ನೆಲಕ್ಕೆಲ್ಲ ಗೋಣಿತಾಟು ಹಾಸಿಕೊಳ್ಳುತ್ತಾರೆ.

ಇದಕ್ಕೆ ಒಗ್ಗಿಕೊಂಡೇ ನಮ್ಮ ಬದುಕು ನಡೆದಿದೆ. ಕೂದಲು ಜಾಸ್ತಿ ಉದುರುವವರು ಹಿಟ್ಟಿನ ಗಿರಣಿಯಲ್ಲೋ ಕಮ್ಮಾರರ ಸಾಲಿನಲ್ಲೋ ಕೆಲಸ ಹಿಡಿಯುತ್ತಾರೆ. ಅಲ್ಲಿನ ಗದ್ದಲದಲ್ಲಿ ಯಾರ ತಲೆಯ ಲೆಕ್ಕವೂ ಯಾರಿಗೂ ಸಿಗುವುದಿಲ್ಲ. ಪೂರ್ತಿ ಬೋಳಾದವರಿಗೆ ಒಳ್ಳೆಯ ಬೆಲೆಯಿದೆ. ಗ್ರಂಥಾಲಯ, ಕಣ್ಣಿನ ಆಸ್ಪತ್ರೆ, ಪರೀಕ್ಷೆಯ ಕೊಠಡಿ, ಎಲ್ಲಿ ನಿಶ್ಶಬ್ದ ಬೇಕೋ ಅಲ್ಲೆಲ್ಲ ಅವರೇ. ಅಡಚಣೆಯೆಲ್ಲ ಅತ್ತ ಪೂರ್ತಿ ಇರದ, ಇತ್ತ ಪೂರ್ತಿ ಹೋಗದ ನಡುವಿನವರಿಗೆ. ನಮ್ಮ ಅಪ್ಪ ಅಂಥವನು. ಮೂವತ್ತು ದಾಟುವ ಮೊದಲೇ ನೆತ್ತಿ ತೆಳುವಾಗಿ, ಅಲ್ಲಿಂದ ಮುಂದೆ ಸಾಯುವ ತನಕ ಅವ್ವನನ್ನು ಬಿಟ್ಟು ಯಾರ ಎದುರೂ ರುಮಾಲು ಬಿಚ್ಚಲಿಲ್ಲ. ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ಅವ್ವ ಬಾಗಿಲು ಹಾಕಿಕೊಂಡು ಅದನ್ನು ಕಟ್ಟಿಕೊಡುತ್ತಿದ್ದಳು. ಒಳಗೆ ಏನಾಗಿದೆ ಎಂದು ಮನೆಯಲ್ಲಿ ಯಾರೂ ಒಂದು ಮಾತು ಆಡಿದ್ದಿಲ್ಲ. ಅಪ್ಪನ ತಲೆಯನ್ನು ನಾನು ಮೊದಲ ಬಾರಿ ನೋಡಿದ್ದು ಅವನು ಹೋದ ದಿನ, ಸ್ನಾನ ಮಾಡಿಸುವಾಗ.

ಆದರೆ ನನ್ನ ತಲೆ ಸದ್ದಿಲ್ಲದ ತಲೆ. ಇಪ್ಪತ್ತನಾಲ್ಕರ ಹೊತ್ತಿಗೆ ನನ್ನ ವಾರಗೆಯ ಹುಡುಗರು ಬೆಳಿಗ್ಗೆ ಬಾಚಿಕೊಂಡರೆ ಬೀದಿಗೆಲ್ಲ ಕೇಳಿಸುತ್ತಿತ್ತು. ನಾನು ಬಾಚಿಕೊಂಡರೆ ಪಕ್ಕದಲ್ಲಿ ಮಲಗಿದ್ದ ಬೆಕ್ಕು ಮಾತ್ರ ಕಿವಿ ನಿಮಿರಿಸುತ್ತಿತ್ತು. ಆ ಬೆಕ್ಕಿನ ಕಡೆ ಆಗಲೇ ಗಮನ ಕೊಡಬೇಕಿತ್ತು. ಅವ್ವ ಮಾತ್ರ ಕಂಡಕಂಡವರ ಮುಂದೆ, "ನಮ್ಮ ಮಾದೇಶಂದು ತುಂಬಿದ ಕೊಡ ಕಣ್ರವ್ವಾ, ತುಳುಕೋದೇ ಇಲ್ಲ" ಎನ್ನುತ್ತಿದ್ದಳು. ತಲೆತುಂಬ ಕೂದಲಿದ್ದೂ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿದ್ದು ಊರಿನ ಇತಿಹಾಸದಲ್ಲಿ ನನಗೊಬ್ಬನಿಗೇ. ಆ ಜಂಬದಲ್ಲಿ ನಾನು ನಡೆಯುವಾಗ ತಲೆಯನ್ನು ದೇವರ ಕಳಸದ ಹಾಗೆ ಹೊತ್ತುಕೊಂಡು ನಡೆಯುತ್ತಿದ್ದೆ ಎಂದು ನನ್ನ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಹೆಂಡತಿ ಎಂದೆನಲ್ಲ, ಅವಳ ಹೆಸರು ನೀಲಾಂಬಿಕೆ. ಪಾತ್ರೆ ಅಂಗಡಿಯ ಮಲ್ಲಪ್ಪನವರ ಮಗಳು. ವಾರಕ್ಕೆ ಎರಡು ಸಲ ಗ್ರಂಥಾಲಯಕ್ಕೆ ಬಂದು, ತೆಗೆದುಕೊಂಡ ಪುಸ್ತಕವನ್ನು ಓದಿಯೇ ಹಿಂದಿರುಗಿಸುತ್ತಿದ್ದ ಕೆಲವರಲ್ಲಿ ಅವಳೊಬ್ಬಳು. ಅವಳನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗುವುದಿಲ್ಲ ಎಂದು ನಾನು ಅವ್ವನಿಗೆ ಹೇಳಿದೆ. ಅವ್ವ ಸಂಬಂಧ ಕೇಳಿಸಿದಳು. ಅವರು ಹರಿವಾಣದ ಶಾಸ್ತ್ರಕ್ಕೆ ಕರೆದರು.

ನಮ್ಮಲ್ಲಿ ಗಂಡು ನೋಡುವ ಕ್ರಮ ಇದು. ಗಂಡಿನ ತೊಡೆಯ ಮೇಲೆ ಹಿತ್ತಾಳೆ ಹರಿವಾಣ ಇಡುತ್ತಾರೆ. ಗಂಡು ಅದರ ಮೇಲೆ ಬಗ್ಗಿ ಹತ್ತು ಸಲ ತಲೆ ಬಾಚಿಕೊಳ್ಳಬೇಕು. ಹೆಣ್ಣಿನ ಕಡೆಯವರು ಕಣ್ಣು ಮುಚ್ಚಿ ಕೇಳುತ್ತಾರೆ. ಒಂದು ಸಲ ಹೆಣ್ಣಿನ ಮನೆಯಲ್ಲಿ, ಇನ್ನೊಂದು ಸಲ ಮದುವೆಯ ದಿನ ಚಪ್ಪರದಲ್ಲಿ ಎಲ್ಲರ ಎದುರಿಗೆ. ಐದಾರು ಟಣ್ ಆದರೆ ಪರವಾಗಿಲ್ಲ, ಹತ್ತು ಮೀರಿದರೆ ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಾರೆ, ಹದಿನೈದು ಮೀರಿದರೆ ಉಪ್ಪಿಟ್ಟು ಸಹ ಕೊಡದೆ ಕಳುಹಿಸಿದ್ದುಂಟು.

ನಾನು ಹತ್ತು ಸಲ ಬಾಚಿಕೊಂಡೆ. ಹರಿವಾಣ ಒಮ್ಮೆಯೂ ಸದ್ದು ಮಾಡಲಿಲ್ಲ. ಮಲ್ಲಪ್ಪನವರು ಕಣ್ಣು ಬಿಟ್ಟು, "ಇಂಥ ತಲೆ ನಾನು ಕೇಳೇ ಇರ್ಲಿಲ್ಲ" ಎಂದರು. ಎರಡು ತಿಂಗಳಿಗೆ ಮುಹೂರ್ತ ಇಟ್ಟರು. ಎಲ್ಲರೂ ನಗುತ್ತಿದ್ದಾಗ ಒಬ್ಬರು ಮಾತ್ರ ನಗಲಿಲ್ಲ. ಅವರು ಮಲ್ಲಪ್ಪನವರ ಅಕ್ಕ ದೇವೀರಮ್ಮ. ಗಂಡ ತೀರಿಕೊಂಡ ಮೇಲೆ ತಮ್ಮನ ಅಂಗಡಿಯಲ್ಲೇ ಇದ್ದವರು. ಬಂದ ಸರಕನ್ನು ಬೆರಳ ಗೆಣ್ಣಿನಿಂದ ಬಡಿದು ಸೀಳುಬಿಟ್ಟ ಪಾತ್ರೆ ಯಾವುದು ಎಂದು ಹೇಳುವುದು ಅವರ ಕೆಲಸ. ನಾನು ಚಪ್ಪಲಿ ಮೆಟ್ಟುವಾಗ ಹತ್ತಿರ ಬಂದು, "ನಾಳೆ ಅಂಗಡಿ ಕಡೆ ಬಾರಪ್ಪ, ಒಬ್ನೇ ಬಾ" ಎಂದರು.

ಹೋದೆ. ಅವರು ನನ್ನ ಮುಂದೆ ಎರಡು ಹಿತ್ತಾಳೆ ತಂಬಿಗೆ ಇಟ್ಟು ಒಂದನ್ನು ಬಡಿದರು. ಖಣಖಣ ಎಂದಿತು. ಇನ್ನೊಂದನ್ನು ಬಡಿದರು. ಸುಮ್ಮನೆ ದಪ್ ಎಂದಿತು.

"ಯಾವುದು ತಗಂತೀಯ?"

"ಖಣಖಣ ಅನ್ನೋದು."

"ಮತ್ತೆ ಸದ್ದಿಲ್ದೆ ಇರೋದೇ ಒಳ್ಳೇದು ಅಂತ ತಲೆ ವಿಷಯದಲ್ಲಿ ಯಾಕಪ್ಪ ಅಂದ್ಕಂಡಿರಿ ಎಲ್ರೂ?"

ಅವರು ಒಂದು ಹರಿವಾಣ ಕೊಟ್ಟು ಬಾಚಿಕೊಳ್ಳಲು ಹೇಳಿದರು. ಬಾಚಿಕೊಂಡೆ. ಅವರು ಕಿಟಕಿಯ ಬೆಳಕಿಗೆ ಹರಿವಾಣ ಹಿಡಿದು, ಉಗುರಿನ ತುದಿಯಿಂದ ಏನನ್ನೋ ಎತ್ತಿ ನನ್ನ ಅಂಗೈ ಮೇಲಿಟ್ಟರು. ಹತ್ತಿಯ ಎಳೆಗಿಂತ ಸಣ್ಣ, ಅರ್ಧ ಬೆರಳಷ್ಟೂ ಉದ್ದವಿಲ್ಲದ ಕೂದಲು. ಒಂದಲ್ಲ, ಏಳಿದ್ದವು. ಎಲ್ಲವೂ ಎಳೆಮಗುವಿನ ತಲೆಯ ತುಪ್ಪುಳದ ಹಾಗಿದ್ದವು.

"ನಿನ್ನೆ ಹನ್ನೆಲ್ಡು ಬಿದ್ವು. ನಂಗೆ ಒಂದೊಂದೂ ಕೇಳಿಸ್ತು. ರಾಗಿ ಕಾಳು ಬಿದ್ದಂಗೆ. ನಿಂದು ಬೀಳ್ತಿಲ್ಲ ಅಂತಲ್ಲ ಕಣಪ್ಪ, ಬೀಳೋದೇ ಸಣ್ಣದಾಗೋಗೈತೆ. ದಪ್ಪ ಕೂದ್ಲು ಬಿದ್ರೆ ದಪ್ಪ ಕೂದ್ಲೇ ಹುಟ್ತದೆ, ಅದುಕ್ಕೆ ಹೆದರ್ಬಾರ್ದು. ಇದುಕ್ಕೆ ಹೆದರ್ಬೇಕು."

ನನಗೆ ಸಿಟ್ಟು ನೆತ್ತಿಗೇರಿತು. ಊರೆಲ್ಲ ಹೊಗಳಿದ ತಲೆಗೆ ಈ ಮುದುಕಿ ಹೆಸರಿಡುವುದೇ? ಮದುವೆ ಮುರಿಯುವ ಹುನ್ನಾರವೋ ಎಂದು ಕೇಳಿಯೂಬಿಟ್ಟೆ. ಅವರಿಗೆ ಬೇಸರವಾಗಲಿಲ್ಲ. "ಮುರಿಯೋಳಾಗಿದ್ರೆ ನಿನ್ನೇನೇ ಅಲ್ಲೇ ಹೇಳ್ತಿದ್ದೆ. ಸೀಳಿರೋ ಪಾತ್ರೆ ಮಾರಿ ನಂಗೆ ರೂಢಿಯಿಲ್ಲ, ಅಷ್ಟೆ. ಆಸ್ಪತ್ರೆಗೆ ಹೋಗಿ ಜುಬೇದಮ್ಮಂಗೆ ತೋರ್ಸು. ನೀಲಂಗೆ ನಾನು ಹೇಳಾಕಿಲ್ಲ. ಹೇಳೋನು ನೀನು" ಎಂದು ತಂಬಿಗೆಗಳನ್ನು ಎತ್ತಿಟ್ಟರು.

ಆ ಸಂಜೆ ಎರಡು ಕನ್ನಡಿ ಹಿಡಿದು ನನ್ನ ನೆತ್ತಿಯನ್ನು ಮೊದಲ ಬಾರಿಗೆ ನೋಡಿಕೊಂಡೆ. ಸುಳಿಯ ಸುತ್ತ ಚರ್ಮ ಕಾಣುತ್ತಿತ್ತು. ಹಣೆಯ ಎರಡು ಮೂಲೆಗಳೂ ಹಿಂದಕ್ಕೆ ಸರಿದಿದ್ದವು. ಅಪ್ಪನನ್ನು ಚಾಪೆಯ ಮೇಲೆ ಮಲಗಿಸಿ ರುಮಾಲು ಬಿಚ್ಚಿದಾಗ ಕಂಡದ್ದು ಇದೇ ಆಕಾರ. ಕನ್ನಡಿ ಇಟ್ಟು ಗೋಡೆಗೆ ಒರಗಿ ಕುಳಿತುಬಿಟ್ಟೆ. ಹೆದರಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಕೂದಲು ಹೋಗುವುದಕ್ಕಿಂತ ಆ ರುಮಾಲು ನನ್ನ ತಲೆಗೆ ಬರುತ್ತದಲ್ಲ ಎಂಬುದೇ ಹೆಚ್ಚಿನ ಹೆದರಿಕೆಯಾಗಿತ್ತು.

ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಡಾಕ್ಟರ್ ಜುಬೇದಾ ದೀಪ ಹಿಡಿದು, ಕೂದಲು ಬಿಡಿಸಿ ಬಿಡಿಸಿ ನೋಡಿದರು. ಬಾವಿ ನೀರಿನಿಂದಲೋ, ಎಣ್ಣೆ ಬದಲಾಯಿಸಿದ್ದರಿಂದಲೋ ಎಂದು ಕೇಳಿದೆ.

"ನೀರೂ ಅಲ್ಲ, ಎಣ್ಣೆಯೂ ಅಲ್ಲ, ಟೋಪಿಯೂ ಅಲ್ಲ" ಎಂದರು. "ಗಂಡಸರ ಮೈಯಲ್ಲಿ ಒಂದು ರಸ ಇರುತ್ತೆ, ಎಲ್ಲರಲ್ಲೂ ಇರುತ್ತೆ. ಕೆಲವರ ನೆತ್ತಿ ಮೇಲಿನ ಕೂದಲ ಬುಡಕ್ಕೆ ಅದು ಆಗಿಬರಲ್ಲ. ಬಿದ್ದ ಜಾಗದಲ್ಲಿ ಹುಟ್ಟೋ ಕೂದಲು ಪ್ರತಿ ಸಲ ಮೊದಲಿಗಿಂತ ಸಣ್ಣ ಆಗ್ತಾ ಹೋಗುತ್ತೆ. ಅಪ್ಪನ ಕಡೆಯಿಂದಲೂ ಬರಬಹುದು, ಅಮ್ಮನ ಕಡೆಯಿಂದಲೂ ಬರಬಹುದು. ಯಾರ ತಪ್ಪೂ ಅಲ್ಲ."

"ಇದಕ್ಕೆ ದಾರಿ?"

"ಏನೂ ಮಾಡದೆ ಇರೋದೂ ಒಂದು ದಾರಿನೇ. ಇದು ಪ್ರಾಣಕ್ಕೇನೂ ಮಾಡಲ್ಲ. ಮಾಡಬೇಕು ಅಂದ್ರೆ, ನೀರಿನಂಥ ಔಷಧಿ ಕೊಡ್ತೀನಿ, ಬೆಳಿಗ್ಗೆ ಸಂಜೆ ನೆತ್ತಿಗೆ ಹಚ್ಚಬೇಕು. ಆರು ತಿಂಗಳು ಕನ್ನಡಿ ಕೇಳಬೇಡಿ, ಅದು ಏನೂ ಹೇಳಲ್ಲ. ಇರೋದು ಉಳಿಯುತ್ತೆ, ಸ್ವಲ್ಪ ದಪ್ಪ ಆಗಬಹುದು. ಹದಿನೆಂಟರ ತಲೆ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ನಿಲ್ಲಿಸಿದ್ರೆ ಉಳಿದದ್ದೂ ಹೋಗುತ್ತೆ."

ಆಮೇಲೆ ಒಂದು ಎಚ್ಚರಿಕೆ ಕೊಟ್ಟರು. "ಹಚ್ಚೋಕೆ ಶುರು ಮಾಡಿದ ಮೂರು ನಾಲ್ಕು ವಾರಕ್ಕೆ ಉದುರೋದು ಜಾಸ್ತಿ ಆಗಬಹುದು. ಹಳೇದು ಜಾಗ ಬಿಟ್ಟುಕೊಡುತ್ತೆ. ಒಂದೆರಡು ತಿಂಗಳಷ್ಟೇ. ಆದರೆ ನಮ್ಮೂರಲ್ಲಿ ಅದು ಎಲ್ಲರಿಗೂ ಕೇಳಿಸುತ್ತೆ. ಮದುವೆ ಗೊತ್ತಾಗಿದೆ ಅಂತೀರಿ. ಬೇಕಿದ್ರೆ ಮದುವೆ ಮುಗಿಸಿಕೊಂಡು ಬನ್ನಿ, ಎರಡು ತಿಂಗಳಲ್ಲಿ ಮುಳುಗಿಹೋಗೋದು ಏನೂ ಇಲ್ಲ."

ಅಷ್ಟು ತಿಳಿಯಾಗಿ ಹೇಳಿದ ಮಾತನ್ನು ನಾನು ಕೇಳಲಿಲ್ಲ. ಊರಿನ ಉಳಿದ ಗಂಡಸರಿಗೆ ಸದ್ದಾಗಬಹುದು, ನನ್ನದು ಸದ್ದಿಲ್ಲದ ತಲೆಯಲ್ಲವೇ ಎಂದುಕೊಂಡೆ. ಜಂಬ ಅಷ್ಟು ಸುಲಭವಾಗಿ ಬಿಡುವ ಕಾಯಿಲೆಯಲ್ಲ. ಅವತ್ತೇ ಔಷಧಿ ಹಚ್ಚಲು ತೊಡಗಿದೆ.

ಇಪ್ಪತ್ತಾರನೆಯ ದಿನ, ಗ್ರಂಥಾಲಯದಲ್ಲಿ ದಿನಪತ್ರಿಕೆ ಜೋಡಿಸುತ್ತಿದ್ದಾಗ, ಟಣ್ ಎಂದಿತು. ಓದುತ್ತಿದ್ದವರೆಲ್ಲ ತಲೆಯೆತ್ತಿ ಬಾಗಿಲ ಕಡೆ ನೋಡಿದರು, ಯಾರೋ ಹೊರಗಿನವರು ಬಂದರೆಂದು. ಮತ್ತೆ ಟಣ್. ಆಗ ಎಲ್ಲರೂ ನನ್ನನ್ನು ನೋಡಿದರು. ನೆತ್ತಿಯ ಮೇಲೆ ಉಳಿದಿದ್ದ ದಪ್ಪ ಕೂದಲುಗಳೂ ಈಗ ಜಾಗ ಬಿಡುತ್ತಿದ್ದವು. ನಾಲ್ಕೇ ದಿನದಲ್ಲಿ ಗ್ರಂಥಪಾಲಕರು ನನ್ನನ್ನು ಹಿಂಬದಿಯ ರಟ್ಟು ಕಟ್ಟುವ ಕೋಣೆಗೆ ಕಳುಹಿಸಿದರು. ಅಲ್ಲಿ ಸುತ್ತಿಗೆಯ ಏಟಿನ ನಡುವೆ ಕುಳಿತಿರಲಾರದೆ, ಔಷಧಿ ನಿಲ್ಲಿಸಲೇ ಎಂದು ಕೇಳಲು ಆಸ್ಪತ್ರೆಗೆ ಓಡಿದೆ. "ಈಗ ನಿಲ್ಲಿಸಿದ್ರೂ ಬೀಳೋದು ಬಿದ್ದೇ ಬೀಳುತ್ತೆ. ಮತ್ತೆ ಶುರು ಮಾಡಿದಾಗ ಇನ್ನೊಂದು ಸಲ ಇದೇ ಪಾಡು" ಎಂದರು ಡಾಕ್ಟರ್. ಮದುವೆಗೆ ನಾಲ್ಕು ವಾರ ಉಳಿದಿತ್ತು.

ಒಂದು ದಿನ ನೀಲಾ ರಟ್ಟಿನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಹರಿದ ಪುಸ್ತಕವಿತ್ತು. "ಇದರ ಹೊಲಿಗೆ ಬಿಟ್ಟಿದೆ" ಎಂದಳು. ಹೇಳಿಬಿಡಬೇಕು ಎಂದುಕೊಂಡೆ. ಪುಸ್ತಕ ತೆಗೆದುಕೊಳ್ಳಲು ಬಗ್ಗಿದಾಗ ಟಣ್ ಟಣ್ ಎಂದು ಎರಡು ಬಿದ್ದವು. ಅವಳು ನೆಲ ನೋಡಿದಳು, ನನ್ನನ್ನು ನೋಡಿದಳು. "ಇಲ್ಲಿ ಸೆಕೆ ಅಲ್ವಾ?" ಎಂದಷ್ಟೇ ಕೇಳಿ ಹೊರಟುಹೋದಳು. ಹೇಳಬೇಕಾದ್ದನ್ನು ಹೇಳದೆ ಉಳಿದ ಆ ಗಳಿಗೆಗೆ ನನ್ನನ್ನು ನಾನು ಎಷ್ಟೋ ದಿನ ಬೈದುಕೊಂಡಿದ್ದೇನೆ.

ಮದುವೆಯ ಬೆಳಿಗ್ಗೆ ಅವ್ವ ಕೋಣೆಯ ಬಾಗಿಲು ಹಾಕಿದಳು. ಅವಳ ಕೈಯಲ್ಲಿ ಹರಳೆಣ್ಣೆಯ ಬಟ್ಟಲಿತ್ತು. ಒಂದಿಷ್ಟೂ ಬಿಡದೆ ನನ್ನ ತಲೆಗೆ ಸುರಿದು ಕೂದಲನ್ನೆಲ್ಲ ಅಂಟಂಟಾಗಿ ಒತ್ತಿದಳು. ಹೀಗೆ ಮಾಡಿದರೆ ಬಿದ್ದ ಕೂದಲು ಬಾಚಣಿಗೆಗೇ ಹತ್ತಿಕೊಳ್ಳುತ್ತದೆ, ಹರಿವಾಣಕ್ಕೆ ಇಳಿಯುವುದಿಲ್ಲ. "ಇನ್ನೊಂದು ಗಳಿಗೆ ತಡ್ಕೊ ಮಗ, ತಾಳಿ ಕಟ್ಟಿದ್ ಮ್ಯಾಲೆ ಯಾರು ಕೇಳ್ತಾರೆ" ಎಂದಳು. ಅವಳ ಬೆರಳುಗಳಿಗೆ ಈ ಕೆಲಸ ಎಷ್ಟು ರೂಢಿಯಾಗಿತ್ತು ಎಂದು ಆಗ ತಿಳಿಯಿತು. ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ, ಇಪ್ಪತ್ತು ವರ್ಷ ಅಪ್ಪನ ತಲೆಗೆ ರುಮಾಲು ಸುತ್ತಿದ ಬೆರಳುಗಳು ಅವು. ಪಾಪ, ಅವಳಿಗೆ ಗೊತ್ತಿದ್ದ ಪ್ರೀತಿ ಅದೊಂದೇ.

ನಾನು ಎದ್ದು ಹಿತ್ತಲಿಗೆ ಹೋದೆ. ಸೀಗೆಪುಡಿ ಹಾಕಿ ಮೂರು ಸಲ ತಿಕ್ಕಿ ತಲೆ ತೊಳೆದುಕೊಂಡೆ. ಅವ್ವ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ನನಗೂ ಅಳು ಬಂದಿತ್ತು, ತಲೆಯ ಮೇಲಿನ ನೀರಿನಲ್ಲಿ ಅದು ಯಾರಿಗೂ ಕಾಣಲಿಲ್ಲ.

ಚಪ್ಪರದಲ್ಲಿ ವಾಲಗ ನಿಲ್ಲಿಸಿದರು. ಹರಿವಾಣ ನನ್ನ ತೊಡೆಗೆ ಬಂತು. ಮೊದಲ ಸಲ ಬಾಚುವಾಗಲೇ ನಾಲ್ಕು ಬಿದ್ದವು. ಹತ್ತು ಮುಗಿಯುವಷ್ಟರಲ್ಲಿ ಮೂವತ್ತೊಂದು. ಮಲ್ಲಪ್ಪನವರು ಎದ್ದು ನಿಂತರು.

"ಎರಡು ತಿಂಗ್ಳ ಹಿಂದೆ ಒಂದೂ ಇರ್ಲಿಲ್ಲ. ಆವತ್ತು ಏನು ಮೋಸ ಮಾಡಿದ್ರಿ?"

ನಾನು ಬಾಯಿ ಬಿಡುವ ಮೊದಲೇ ದೇವೀರಮ್ಮ ಹೇಳಿದರು. "ಮೋಸ ಏನಿಲ್ಲ. ಆವತ್ತೂ ಬಿದ್ದಿತ್ತು, ನಿನ್ನ ಕಿವಿಗೆ ಕೇಳಿಸ್ಲಿಲ್ಲ. ಅವನ್ನ ಆಸ್ಪತ್ರೆಗೆ ಕಳ್ಸಿದ್ದು ನಾನೇ."

"ಹೌದು ಮಾವ" ಎಂದೆ. "ನನ್ನ ತಲೆ ನಮ್ಮಪ್ಪನ ತಲೆನೇ. ಔಷಧಿ ಹಚ್ತಿದ್ದೀನಿ. ಎಷ್ಟು ಉಳಿಯುತ್ತೋ ಗೊತ್ತಿಲ್ಲ. ಇದನ್ನ ಮೊದ್ಲೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ."

ಚಪ್ಪರದಲ್ಲಿ ಗುಜುಗುಜು ಎದ್ದಿತು. ಮೂವತ್ತೊಂದು, ಮೂವತ್ತೊಂದು ಎಂದು ಸಾಲಿನಿಂದ ಸಾಲಿಗೆ ಹೋಯಿತು. ಯಾರೋ ಹಿರಿಯರು, ಮಾತು ಮುರಿದುಕೊಳ್ಳುವುದಾದರೆ ತಾಳಿಗೆ ಮೊದಲೇ ಆಗಲಿ ಎಂದರು. ಮಲ್ಲಪ್ಪನವರು ಮಗಳ ಕಡೆ ತಿರುಗಿದರು.

ನೀಲಾ ತನ್ನ ಮಣೆಯಿಂದ ಎದ್ದು ಬಂದು ನನ್ನ ಎದುರಿಗೆ ಕುಳಿತಳು. ಹರಿವಾಣವನ್ನು ತನ್ನ ತೊಡೆಗೆ ಎಳೆದುಕೊಂಡಳು. ಬೆಳಗಿನಿಂದ ಮೂವರು ಹೆಂಗಸರು ಕೂತು ಹೆಣೆದಿದ್ದ ಮೊಗ್ಗಿನ ಜಡೆಯನ್ನು ಬಿಚ್ಚಿ, ಹೂವು ಪಕ್ಕಕ್ಕಿಟ್ಟು, ನನ್ನ ಕೈಯ ಬಾಚಣಿಗೆ ತೆಗೆದುಕೊಂಡು ಹತ್ತು ಸಲ ಬಾಚಿಕೊಂಡಳು. ಏನೂ ಕೇಳಿಸಲಿಲ್ಲ. ಹೆಂಗಸರ ಕೂದಲು ನಮ್ಮಲ್ಲಿ ಸದ್ದು ಮಾಡುವುದಿಲ್ಲವಲ್ಲ. ಬಾಚಿ ಮುಗಿಸಿ ಹರಿವಾಣವನ್ನು ತನ್ನ ಅಪ್ಪನ ಮುಂದೆ ಹಿಡಿದಳು. ನನ್ನ ಗಿಡ್ಡ ಕೂದಲುಗಳ ಮೇಲೆ ಅವಳ ಉದ್ದನೆಯ ಕೂದಲುಗಳು ಒಂದು ಹಿಡಿಯಷ್ಟು ಸುರುಳಿ ಸುತ್ತಿಕೊಂಡು ಬಿದ್ದಿದ್ದವು.

"ಎಣಿಸಿ ಅಪ್ಪಾಜಿ" ಎಂದಳು. "ಹೋದ ವರ್ಷ ಜ್ವರ ಬಂದು ಎದ್ದಾಗಿನಿಂದ ಹೀಗೇ ಬೀಳ್ತಿದೆ. ನಂದು ಕೇಳಿಸಲ್ಲ, ಅದಕ್ಕೇ ಯಾರೂ ಕೇಳಲಿಲ್ಲ. ಇದಕ್ಕೆ ಮದುವೆ ನಿಲ್ಲಿಸೋದಾದ್ರೆ ಅವರ ಕಡೆಯವರು ನಿಲ್ಲಿಸಬೇಕು."

ಮಲ್ಲಪ್ಪನವರು ಹರಿವಾಣವನ್ನು ಕೈಗೆ ತೆಗೆದುಕೊಂಡು ನೋಡಿದರು. ಹೆಂಗಸರ ಸಾಲಿನಲ್ಲಿ ಒಬ್ಬೊಬ್ಬರಾಗಿ ತಮ್ಮ ತಮ್ಮ ತುರುಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಮ್ಮ ಅವ್ವನೂ ಮುಟ್ಟಿಕೊಂಡಳು. ಮಲ್ಲಪ್ಪನವರು ಕೊನೆಗೆ ಹರಿವಾಣವನ್ನು ಅಕ್ಕನ ಕೈಗೆ ಕೊಟ್ಟು, "ವಾಲಗ ಊದ್ರಪ್ಪ, ಮುಹೂರ್ತ ಮೀರ್ತದೆ" ಎಂದರು.

ಇದೆಲ್ಲ ನಡೆದು ಇಪ್ಪತ್ತೊಂಬತ್ತು ವರ್ಷ. ಮದುವೆಯಾದ ಒಂದು ತಿಂಗಳಿಗೆ ಸದ್ದು ಇಳಿಯಿತು. ಎಂಟನೆಯ ತಿಂಗಳಲ್ಲಿ ಸುಳಿಯ ಸುತ್ತ ಕಪ್ಪು ಕಾಣಿಸಿತು. ಹಣೆಯ ಮೂಲೆಗಳು ಹಿಂದಿರುಗಿ ಬರಲಿಲ್ಲ, ಡಾಕ್ಟರೂ ಹಾಗೆಂದು ಮಾತು ಕೊಟ್ಟಿರಲಿಲ್ಲ. ದಿನಕ್ಕೆರಡು ಸಲ ಔಷಧಿ ಹಚ್ಚಿ ಹಚ್ಚಿ ಬಹುಕಾಲ ಇದ್ದದ್ದನ್ನು ಉಳಿಸಿಕೊಂಡೆ. ಈಚಿನ ವರ್ಷಗಳಲ್ಲಿ ಮತ್ತೆ ತೆಳುವಾಗುತ್ತಿದೆ. ಆಗಲಿ, ಗಾಳಿಯಾಡುತ್ತದೆ. ನೆತ್ತಿಯ ಹಿಂಭಾಗಕ್ಕೆ ನನ್ನ ಕೈ ಸರಿಯಾಗಿ ಹೋಗುವುದಿಲ್ಲವೆಂದು ನೀಲಾಳೇ ಹಚ್ಚುತ್ತಾಳೆ. ಅವಳಿಗೆ ಹೆರಿಗೆಯ ನಂತರ ಕೂದಲು ಉಂಡೆ ಉಂಡೆಯಾಗಿ ಉದುರಿದಾಗ ಪ್ರತಿದಿನ ಬಾಚಣಿಗೆ ನೋಡಿ ಇವತ್ತು ಹೇಗಿದೆ ಎಂದು ಕೇಳುತ್ತಿದ್ದವನು ನಾನು. ಕೇಳಿಸದೆ ಇರುವುದನ್ನು ಕೇಳಿ ತಿಳಿಯಬೇಕು ಎಂದು ನನಗೆ ಕಲಿಸಿದವಳು ಅವಳು. ನಮ್ಮ ಮನೆಯಲ್ಲಿ ಗೋಣಿತಾಟು ಇಲ್ಲ. ಬಿದ್ದದ್ದು ಬಿದ್ದ ಹಾಗೆ ಕೇಳಿಸುತ್ತದೆ.

ದೇವೀರಮ್ಮನವರಿಗೆ ಈಗ ತೊಂಬತ್ತು ದಾಟಿದೆ. ಆ ಕಿವಿ ಹೋಗಿ ಮೂರು ವರ್ಷವಾಯಿತು, ಕಿವಿಗೆ ಬಾಯಿಟ್ಟು ಹೇಳಿದರಷ್ಟೇ ಮಾತು ತಲುಪುತ್ತದೆ. ಹೋದ ಭಾನುವಾರ ನೋಡಲು ಹೋಗಿದ್ದೆ. ನನ್ನನ್ನು ಗುರುತಿಸಿ, ಮಂಚದ ಕೆಳಗಿನಿಂದ ಆ ಹಳೆಯ ಹರಿವಾಣವನ್ನೇ ತೆಗೆಸಿದರು. ತೊಡೆಯ ಮೇಲಿಟ್ಟುಕೊಂಡು, ಬಗ್ಗು ಎಂದು ಸನ್ನೆ ಮಾಡಿದರು. ಬಗ್ಗಿದೆ. ಅವರೇ ನಿಧಾನವಾಗಿ ಒಂದು ಸಲ ಬಾಚಿದರು.

"ಬಿತ್ತಾ?"

"ಬಿತ್ತು ಅತ್ತೆ" ಎಂದು ಕಿವಿಯಲ್ಲಿ ಹೇಳಿದೆ.

"ಹೆಂಗಿತ್ತು ಸದ್ದು? ದಪ್ಪನಾ, ಸಣ್ಣನಾ?"

ಕೋಣೆಯಲ್ಲಿದ್ದ ಬೇರೆ ಯಾರಿಗೂ ಏನೂ ಕೇಳಿಸಿರಲಿಲ್ಲ. ನನಗೆ ಕೇಳಿಸಿತ್ತು. ಇಷ್ಟು ವರ್ಷಗಳಲ್ಲಿ ನಾನೂ ಅಷ್ಟು ಕಲಿತಿದ್ದೆ. ಅವರ ಮೊಮ್ಮಗಳು ಹಿಂದಿನಿಂದ, ದಪ್ಪ ಅಂತ ಹೇಳಿ ಮಾವ, ಖುಷಿಪಡ್ತಾರೆ ಎಂದು ಪಿಸುಗುಟ್ಟಿದಳು. ಆದರೆ ಊರೆಲ್ಲ ನನ್ನನ್ನು ಹೊಗಳಿದ ದಿನ ನಿಜ ಹೇಳಿದ್ದು ಇವರೊಬ್ಬರೇ. ಆ ಉಪಕಾರಕ್ಕೆ ಪ್ರತಿಯಾಗಿ ಕೊಡಲು ನನ್ನಲ್ಲಿ ಅದೊಂದೇ ಇತ್ತು.

"ಸಣ್ಣದು ಅತ್ತೆ. ರಾಗಿ ಕಾಳು ಬಿದ್ದಂಗೆ."

ದೇವೀರಮ್ಮ ನನ್ನ ತಲೆಯ ಮೇಲೆ ಕೈಯಿಟ್ಟು, ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ಈಗ ಸರಿಯಾಗಿ ಕೇಳ್ಸ್ಕತೀಯ ಬುಡು" ಎಂದರು.